ಒಂದೇ ಪಿನ್‌ಕೋಡಿನ ಜನ

ನಕ್ಷೆಯ ಮೇಲಿನ ಕೆಂಪು ಚುಕ್ಕೆ ಕುರುವಿನ ಹಾಗೆ ಊದಿಕೊಂಡಿತ್ತು. ಅದು ಕೂತಿದ್ದ ಜಾಗ ನೋಡಿ ದೊಡ್ಡ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿದರು.

"ಇದು ನಮ್ಮ ಆಸ್ಪತ್ರೆಯೇ ಅಲ್ವೇನಮ್ಮ?"

"ಹೌದು ಸಾರ್."

"ಅಂದ್ರೆ ಕಣ್ಣು ಕೆಡಿಸ್ಕೊಂಡೋರೆಲ್ಲ ನಮ್ಮ ಗೇಟಿನ ಮುಂದೇನೇ ವಾಸ ಇದಾರೆ. ನಮ್ಮ ಮುಖ ನೋಡಿ ನೋಡಿಯೇ ಕೆಟ್ಟಿರಬೇಕು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಗದವಳು ನಕ್ಷೆ ಮಾಡಿದವಳೊಬ್ಬಳೇ. ಮಾತು ಬಂದಾಗಿನಿಂದ ಎಲ್ಲಕ್ಕೂ ಯಾಕೆ, ಯಾಕೆ ಎಂದು ಪ್ರಾಣ ತಿನ್ನುತ್ತಿದ್ದುದರಿಂದ ಮನೆಯಲ್ಲಿ ಅವಳು ಯಾಕಮ್ಮ. ಅಲ್ಲಿಂದ ಆ ಹೆಸರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೂ ಅವಳ ಬೆನ್ನು ಹತ್ತಿ ಬಂದಿತ್ತು.

ಕಣ್ಣಾಸ್ಪತ್ರೆಗೆ ಹೊಸ ಬಸ್ಸೊಂದು ಬಂದಿತ್ತು. ಒಳಗೆ ಪರೀಕ್ಷೆಯ ಕುರ್ಚಿ, ದೀಪ, ಒಬ್ಬ ಡಾಕ್ಟರು. ಕಲ್ಲು ಒಡೆಯುವವರ ಕಣ್ಣಿಗೆ ಚೂರು ಹೊಕ್ಕರೆ ಕೂಡಲೇ ತೆಗೆಯಬೇಕು. ತಡವಾದರೆ ಕೀವಾಗಿ ಕಣ್ಣೇ ಹೋಗುತ್ತದೆ. ಅಂಥವರು ತಡವಾಗಿಯೇ ಬರುತ್ತಿದ್ದರು. ಅವರು ಹೆಚ್ಚಾಗಿರುವ ಕಡೆ ಬಸ್ಸನ್ನು ವರ್ಷವಿಡೀ ನಿಲ್ಲಿಸುವುದು ದೊಡ್ಡ ಡಾಕ್ಟರ ಆಸೆ. ಆದರೆ ಊರಿನ ಸುತ್ತಲೂ ಕ್ವಾರಿಗಳೇ. ಯಾವ ದಿಕ್ಕಿಗೆಂದು ಹೋಗುವುದು?

"ಮುಂದಿನ ವಾರದೊಳಗೆ ನಿನ್ನ ನಕ್ಷೆ ಸರಿಯಾಗಿ ಮಾತಾಡಬೇಕು. ಇಲ್ಲದಿದ್ರೆ ಬಸ್ಸನ್ನ ಮಾರ್ಕೆಟ್ ಹತ್ರ ನಿಲ್ಲಿಸಿ ಕೈ ತೊಳ್ಕೊಳ್ತೀನಿ," ಎಂದರು.

ಯಾಕಮ್ಮ ತನ್ನ ಜಾಗಕ್ಕೆ ಹೋಗಿ, ನಕ್ಷೆಗೆ ಆಧಾರವಾಗಿದ್ದ, ರೋಗಿಗಳ ನೋಂದಣಿಗೆಂದು ತಾನೇ ಕಂಪ್ಯೂಟರಿನಲ್ಲಿ ಮಾಡಿದ್ದ ಫಾರಮಿನ ಪಿನ್‌ಕೋಡಿನ ಚೌಕವನ್ನು ಜಾಲಾಡಿದಳು. ಆ ಚೌಕವೆಂದರೆ ಅವಳಿಗೆ ಒಳಗೊಳಗೇ ಹೆಮ್ಮೆ. ಅಂಕಿಗಳ ನಡುವೆ ಯಾರಾದರೂ ಜಾಗ ಬಿಟ್ಟರೆ ಅದು ತಾನೇ ಮುಚ್ಚುತ್ತಿತ್ತು. ಸೊನ್ನೆಯ ಬದಲು ಇಂಗ್ಲಿಷಿನ 'ಓ' ಒತ್ತಿದರೆ ತಿದ್ದುತ್ತಿತ್ತು. ಅಂಚೆ ಇಲಾಖೆಯ ಪಟ್ಟಿಯಲ್ಲಿಲ್ಲದ ಕೋಡ್ ಹಾಕಿದರೆ ಚೌಕದ ಸುತ್ತ ಕೆಂಪು ಗೆರೆ ಎಳೆದು, ಮುಂದಕ್ಕೆ ಒಂದು ಹೆಜ್ಜೆಯೂ ಬಿಡುತ್ತಿರಲಿಲ್ಲ. ಖಾಲಿ ಬಿಟ್ಟರೂ ಅಷ್ಟೇ. ಸಾವಿರಾರು ದಾಖಲೆಗಳನ್ನು ಕೆದಕಿದಳು. ಒಂದಾದರೂ ತಪ್ಪು ಕೋಡ್? ಊಹೂಂ. ಹುಳುಕಿಲ್ಲದ ಹಲ್ಲಿನ ಸಾಲಿನಂತೆ ಎಲ್ಲವೂ ಚೊಕ್ಕ.

ಅವಳಿಗೆ ಕಸಿವಿಸಿಯಾಗಿದ್ದೇ ಅಲ್ಲಿ. ಜನ ಇಷ್ಟು ಚೊಕ್ಕವಾಗಿರುವುದುಂಟೆ? ಯಾಕೆ?

ಕೆಳಗಿಳಿದು ಹೋಗಿ ನೋಂದಣಿ ಕೌಂಟರಿನಲ್ಲಿ ಅತ್ತಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. ಅಣ್ಣನ ಮದುವೆಗೂ ಮೊದಲಿನಿಂದ ಅತ್ತಿಗೆ ಅಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದವಳು.

"ಏನಮ್ಮ ಇಂಜಿನಿಯರು, ನೆಲಕ್ಕಿಳಿದು ಬಂದ್ಬಿಟ್ಟೆ?"

"ಸುಮ್ನೆ ಅತ್ತಿಗೆ. ನೋಡೋಣ ಅಂತ."

"ನೀನು ಸುಮ್ನೆ? ಸುಮ್ನಿರೋ ಹುಡುಗೀನಾ ನೀನು?"

ಅಷ್ಟರಲ್ಲಿ ಟವೆಲ್ಲಿನಿಂದ ಒಂದು ಕಣ್ಣು ಒತ್ತಿಹಿಡಿದ ಕಲ್ಲು ಒಡೆಯುವವನೊಬ್ಬ ಬಂದು ನಿಂತ. ಅತ್ತಿಗೆ ಹೆಸರು, ವಯಸ್ಸು ಕೇಳಿದಳು. ವಿಳಾಸ ಕೇಳಿದಾಗ ಅವನು ನೆಲ ನೋಡಿದ. ಅತ್ತಿಗೆಯ ಬೆರಳುಗಳು ಕೀಲಿಗಳ ಮೇಲೆ ತಂತಾನೇ ಕುಣಿದವು. ಆಸ್ಪತ್ರೆಯದೇ ಪಿನ್‌ಕೋಡ್!

"ಅತ್ತಿಗೆ, ಅದ್ಯಾಕೆ?"

"ಇನ್ನೇನು ಹಾಕ್ಲಿ? ನಿನ್ನ ಕೆಂಪು ಗೆರೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಕ್ವಾರಿ ಯಾವುದು ಅಂತ ಬಾಯಿಬಿಟ್ರೆ ಇವ್ರ ಕೆಲಸ ಹೋಗುತ್ತೆ, ಮೇಸ್ತ್ರಿ ಹೆದರಿಸಿರ್ತಾನೆ. ಕಣ್ಣಲ್ಲಿ ಕಲ್ಲು ಇಟ್ಕೊಂಡು ನಿಂತೋನ ಹತ್ರ ಪಿನ್‌ಕೋಡಿಗೆ ಜಗಳ ಆಡ್ತಾ ಕೂತ್ಕೊಳ್ಲಾ? ನನಗೆ ಬಾಯಿಪಾಠ ಇರೋದು ಇದೊಂದೇ. ನಾವೆಲ್ಲ ಕೌಂಟರಿನೋರು ಇದನ್ನೇ ಒತ್ತೋದು."

ಯಾಕಮ್ಮನ ಕಿವಿ ಬಿಸಿಯಾಯಿತು. ತಪ್ಪಿಗೆ ಬಾಗಿಲು ಹಾಕಿದ್ದಳು. ಸುಳ್ಳು ಅದೇ ಬಾಗಿಲಿನಿಂದ ಠೀವಿಯಾಗಿ ಒಳಗೆ ಬಂದು ಕೂತಿತ್ತು. ಆದರೂ ನಾಚಿಕೆಗಿಂತ ಕುತೂಹಲವೇ ಜೋರು. ಅವಳು ಆ ಮನುಷ್ಯನತ್ತ ಬಾಗಿದಳು.

"ಅಣ್ಣಾ, ಜಾಗದ ಹೆಸರು ಬೇಡ. ಇಲ್ಲಿಗೆ ಹೇಗೆ ಬಂದ್ರಿ, ಅಷ್ಟು ಹೇಳಿ."

"ಟಿಪ್ಪರ್‌ನಲ್ಲಿ."

"ದಾರೀಲಿ ಏನೇನು ಸಿಕ್ತು?"

"ಏನು ಸಿಗುತ್ತಮ್ಮ, ಎರಡೂ ಕಣ್ಣು ಮುಚ್ಕೊಂಡಿದ್ದೆ. ಒಂದು ಬಿಟ್ರೆ ಇನ್ನೊಂದು ಉರಿಯುತ್ತೆ." ಸ್ವಲ್ಪ ಯೋಚಿಸಿದ. "ಹೊರಟು ಒಂದು ಬೀಡಿ ಹಚ್ಚೋವಷ್ಟು ಹೊತ್ತಿಗೇ ಬಿಸ್ಕತ್ತಿನ ವಾಸನೆ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸೇತುವೆ, ಟಡಕ್ ಟಡಕ್ ಅಂತು."

ಯಾಕಮ್ಮ ಮತ್ತೆ ಮೇಲೆ ಹೋದವಳೇ ಕೆಂಪು ಗೆರೆಯನ್ನು ಕಿತ್ತುಹಾಕಿದಳು. ಪಿನ್‌ಕೋಡ್ ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಖಾಲಿ ಬಿಡಿ. ಅದರ ಕೆಳಗೆ ಹೊಸದೊಂದು ಉದ್ದನೆಯ ಚೌಕ: ಇಲ್ಲಿಗೆ ಹೇಗೆ ಬಂದಿರಿ?

"ಖಾಲಿ ಬಿಡಬಹುದು ಅಂದ್ರೆ ಎಲ್ರೂ ಖಾಲಿ ಬಿಡ್ತಾರೆ," ದೊಡ್ಡ ಡಾಕ್ಟರು ಗೊಣಗಿದರು.

"ಬಿಡ್ಲಿ ಸಾರ್. ಖಾಲಿ ಅಂತಾದ್ರೂ ನಿಜ ಹೇಳುತ್ತಲ್ಲ."

ವಾರ ಕಳೆಯಿತು. ಆ ವಾರದ ದಾಖಲೆಗಳಷ್ಟನ್ನೇ ಹಾಕಿದ ನಕ್ಷೆಯಲ್ಲಿ ಕುರು ಇಂಗಿ ಸಾಸಿವೆಯಷ್ಟಾಗಿತ್ತು. ಬೇರೆಲ್ಲೂ ಚುಕ್ಕೆ ಏಳಲಿಲ್ಲ. ಖಾಲಿ ಚೌಕಕ್ಕೆ ನಕ್ಷೆಯಲ್ಲಿ ಜಾಗವೆಲ್ಲಿ? ಆದರೆ ಹೊಸ ಚೌಕ ತುಂಬಿ ತುಳುಕುತ್ತಿತ್ತು. ಅತ್ತಿಗೆ ಒಂದಕ್ಷರ ಬಿಡದೆ ಒತ್ತಿದ್ದಳು. ಯಾಕಮ್ಮ ಹಾಳೆ ತಂದು ಡಾಕ್ಟರಿಗೆ ಓದಿ ಹೇಳಿದಳು. ಲಾರಿ, ಹೊರಟ ಕೂಡಲೇ ಬಿಸ್ಕತ್ತಿನ ವಾಸನೆ, ಆಮೇಲೆ ಸೇತುವೆ. ಟ್ರ್ಯಾಕ್ಟರ್, ವಾಸನೆ ಬಂತು ಹೊಟ್ಟೆ ಹಸೀತು, ಸೇತುವೆ. ಒಬ್ಬನದು ಕೋಳಿ ಸಾಗಿಸುವ ಗಾಡಿ, ಆದ್ದರಿಂದ ಬೇರೆ ವಾಸನೆ ತಿಳಿಯಲಿಲ್ಲ. ಸೇತುವೆ ಮಾತ್ರ ಟಡಕ್ ಟಡಕ್.

ದೊಡ್ಡ ಡಾಕ್ಟರು ಈ ಸಲ ನಗಲಿಲ್ಲ. ಎದ್ದು ಕಿಟಕಿಗೆ ಹೋದರು.

"ಬಿಸ್ಕತ್ ಫ್ಯಾಕ್ಟರಿ ಇರೋದು ಒಂದೇ. ಹೊಳೆಯಾಚೆ."

"ಅದರ ಗೇಟಿನ ಹತ್ರ ನಿಲ್ಲಿಸಿದ್ರೆ ಯಾವ ಕ್ವಾರಿ ಅಂತ ಯಾರೂ ಹೇಳ್ಬೇಕಾಗಿಲ್ಲ ಸಾರ್."

ಬಸ್ಸು ಹೊರಟ ದಿನ ಅತ್ತಿಗೆಯನ್ನೇ ಅದರ ನೋಂದಣಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಯಾಕಮ್ಮನ ಫೋನು ಬಡಿದುಕೊಂಡಿತು.

"ಈ ವಾಸನೆಗೆ ಬೆಳಗ್ಗೆಯಿಂದ ಪ್ರಾಣ ಹೋಗ್ತಿದೆ ಕಣೇ. ಯಾವ ಪುಣ್ಯಾತ್ಮ ಹುಡುಕಿದ ಜಾಗ ಇದು?"

"ಅದಿರಲಿ ಅತ್ತಿಗೆ, ಯಾರಾದ್ರೂ ಬಂದ್ರಾ?"

"ಸಾಲು ನಿಂತಿದಾರೆ."

"ಹೇಗೆ ಬಂದ್ರಂತೆ?"

ಕೀಲಿಗಳ ಸದ್ದು ನಿಂತಿತು. ಅತ್ತಿಗೆ ಸಾಲಿನ ಕಡೆಗೊಮ್ಮೆ ನೋಡಿರಬೇಕು.

"ನಡ್ಕೊಂಡು. ಒಂದಾದ್ರೂ ಕಣ್ಣು ಬಿಟ್ಕೊಂಡು."