ಬಚ್ಚಲ ಹಿಂದಿನ ಪೊರೆ

ತದಡಿಯ ಬಂದರಿನ ಮೇಲಕ್ಕೆ, ಗುಡ್ಡದ ಕಲ್ಲುಹಾಸು ಮುಗಿಯುವಲ್ಲಿ ಕಮಲಿಯ ಮನೆ. ಮಾರಿ ಉಳಿದ ಮೀನನ್ನು ಅವಳು ಆ ಹಾಸಿನ ಮೇಲೆಯೇ ಒಣಗಿಸುತ್ತಿದ್ದಳು. ಅಲ್ಲಿ ಅವಳ ಜೊತೆಗಿದ್ದದ್ದು ಒಂದು ಜೋಡಿ ಹಕ್ಕಿ. ಗಂಡು ಎಣ್ಣೆ ಸವರಿದ ಹಾಗೆ ಕಪ್ಪು; ಬಾಲ ನಿಗುರಿಸಿದರೆ ಅಡಿಯಲ್ಲಿ ಹೆಂಚಿನ ಕೆಂಪು. ಹೆಣ್ಣು ಮಾಸಲು ಕಂದು. ಕಲ್ಲು ಬಿಟ್ಟು ಬೇರೆಲ್ಲೂ ಕಾಣದ ಅವನ್ನು ಕಮಲಿ ಕಲ್ಲುಹಕ್ಕಿ ಎನ್ನುತ್ತಿದ್ದಳು. ಒಂದು ದಿನ ಹೆಣ್ಣು ಕೊಕ್ಕಿನಲ್ಲಿ ಬೆಳ್ಳಗೆ ಹೊಳೆಯುವ ಪಟ್ಟಿಯೊಂದನ್ನು ಕಚ್ಚಿಕೊಂಡು ಮನೆಯ ಕಡೆ ಇಳಿಯಿತು. “ಪ್ಲಾಸ್ಟಿಕ್ ತಿಂದು ಸಾಯ್ತೆ ನೋಡು” ಎಂದು ಬೈದು ಕಮಲಿ ಅದನ್ನು ಮರೆತೂ ಬಿಟ್ಟಳು.

ಆ ವಾರವೇ ಅವಳ ಗಂಡ ಬೊಮ್ಮಯ್ಯ ಬಚ್ಚಲ ಹಿಂದೆ ಕೂಗಿದ. ಚಿರೆಕಲ್ಲಿನ ಗೋಡೆಯಲ್ಲಿ ಕಲ್ಲು ಸವೆದು ತೂತಾದ ಮಾಟೆಯೊಂದರಿಂದ ಹಾವಿನ ಪೊರೆಯ ತುದಿ ಇಳಿಬಿದ್ದಿತ್ತು. ಅವನು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ.

“ನಾಗಪ್ಪ ಬಂದದೆ ಕಮಲಿ. ಇನ್ನು ಈ ಬದಿಗೆ ಯಾರೂ ಕಾಲಿಡೂದು ಬೇಡ. ಮನೆಯೊಳಗೆ ಮೀನೂ ಬೇಡ.”

“ಕೂಸು ಬರೂ ಹೊತ್ತಿಗೇ ಬರ್ಬೇಕಾ ನಿಮ್ಮ ನಾಗಪ್ಪ?”

“ಬಾಯಿ ಬಿಗಿ ಹಿಡಿ.” ಬೊಮ್ಮಯ್ಯ ಗೋಡೆಯ ಸುತ್ತ ಹಳೆಯ ಬಲೆಯ ಹಗ್ಗ ಕಟ್ಟಿದ.

ಸೊಸೆ ಸೌಜನ್ಯಾ ಹೆರಿಗೆಗೆ ಹೊನ್ನಾವರದ ತವರಿಗೆ ಹೋದವಳು ಇನ್ನೇನು ಮಗಳನ್ನೆತ್ತಿಕೊಂಡು ಬರುವವಳಿದ್ದಳು. ಮೊಮ್ಮಗಳನ್ನು ಮೀಯಿಸಲೆಂದೇ ಕಮಲಿ ಬಚ್ಚಲ ಒಲೆಗೆ ತಾಮ್ರದ ಹಂಡೆ ತಂದು ಕೂರಿಸಿದ್ದಳು. ಸುದ್ದಿ ಬಸ್ಸಿಗಿಂತ ಬೇಗ ಹೊನ್ನಾವರ ಮುಟ್ಟಿತು. ಬೀಗಿತಿಯ ಫೋನು ಬಂತು.

“ಸಿಟ್ಟಾಗ್ಬೇಡಿ ಕಮಲಕ್ಕ. ದೇವರಾದ್ರೂ ಹಾವು ಹಾವೇ ಅಲ್ವಾ? ಅದು ಹೋತು ಅಂತ ನೀವು ಹೇಳೂವರೆಗೆ ಕೂಸಿನ್ನ ಕಳ್ಸೂಕಾಗೂದಿಲ್ಲ.”

ಅವಳ ಮಾತು ತಪ್ಪೆನ್ನುವಂತಿರಲಿಲ್ಲ. ಹಾವು ಹಿಡಿಯುವವನನ್ನು ಕರೆಸೋಣವೆಂದರೆ ಬೊಮ್ಮಯ್ಯ ಉರಿದುಬಿದ್ದ: “ಮನೆಗೆ ಬಂದ ದೇವರನ್ನ ಚೀಲಕ್ಕೆ ತುಂಬ್ಸೂದಾ?” ಸೋಮವಾರ ಸಂಜೆ ಗೋಡೆಯ ಬುಡಕ್ಕೆ ಹಾಲಿನ ಬಟ್ಟಲಿಟ್ಟ. ಬೆಳಿಗ್ಗೆ ಬಟ್ಟಲು ಬರಿದು. ಅವನ ಭಕ್ತಿ ಗಟ್ಟಿಯಾಯಿತು, ಕಮಲಿಯ ಎದೆ ಕುಸಿಯಿತು.

ಮೀನುಪೇಟೆಯಲ್ಲಿ ಪಕ್ಕದ ಬುಟ್ಟಿಯ ದುರ್ಗಿಗೆ ನಗುವೋ ನಗು. “ಬುಟ್ಟಿ ತುಂಬ ಬಂಗಡೆ, ಮನೇಲಿ ಬೇಳೆ ಸಾರು! ನೀ ಎಂತ ಭಟ್ರ ಮನೆ ಸೇರಿದ್ಯೇನೆ?”

“ನಿಂಗೆ ನಗೆ ಮಾರಾಯ್ತಿ. ನಂಗೆ ಮೊಮ್ಮಗಳನ್ನ ಮೊಬೈಲಲ್ಲೇ ನೋಡೂದಾತು.”

ಹೀಗೇ ದಿನ ಸರಿದವು. ಒಂದು ಬೆಳಿಗ್ಗೆ, ಬೊಮ್ಮಯ್ಯ ಬಂದರಿಗೆ ಇಳಿದ ಮೇಲೆ, ಕಮಲಿ ಹಗ್ಗದಡಿ ನುಸುಳಿ ಮಾಟೆಯ ಮುಂದೆ ನಿಂತಳು. ಚಿಕ್ಕಂದಿನಲ್ಲಿ ಅಜ್ಜಿ ದೀಪದ ಮುಂದೆ ರಾಗವಾಗಿ ಹೇಳುತ್ತಿದ್ದ ನಾಗನ ಪದ ಅರ್ಧವಷ್ಟೇ ನೆನಪಿತ್ತು. ಉಳಿದದ್ದನ್ನು ತನ್ನ ಮಾತಿನಲ್ಲೇ ಬೇಡಿದಳು.

“ಅಪ್ಪಾ, ನಿನ್ನ ಓಡ್ಸೂಕೆ ಬಂದವಳಲ್ಲ. ನಿಂಗೆ ಗುಡ್ಡ ಗುಡ್ಡವೇ ಅದೆ. ನನ್ನ ಕೂಸಿಗೆ ಇದೊಂದೇ ಬಚ್ಚಲು. ಚೂರು ಆಚೆ ಸರಿ, ನನ್ನಪ್ಪ.”

ಮಾಟೆಯೊಳಗೆ ಏನೋ ಚೀಂಗುಟ್ಟಿತು. ಬುರ್ರನೆ ಹೊರಬಂದದ್ದು ಕಂದು ಕಲ್ಲುಹಕ್ಕಿ! ಅವಳ ಕಿವಿಯ ಪಕ್ಕದಲ್ಲೇ ಹಾದು, ಕೊಕ್ಕಿನಲ್ಲಿದ್ದ ಮರಿಗಳ ಹಿಕ್ಕೆಯ ಬಿಳಿ ಗುಳಿಗೆಯನ್ನು ದೂರದ ತೆಂಗಿನ ಬುಡಕ್ಕೆ ಎಸೆದು, ಗೋಡೆಯ ಮೇಲೆ ಕೂತು ಬಾಲ ಕುಣಿಸುತ್ತ ಅವಳನ್ನೇ ಬೈಯತೊಡಗಿತು.

ಕಮಲಿ ಇಣುಕಿದಳು. ಎಳೆಬಿಸಿಲು ಒಳಗೆ ಬಿದ್ದಿತ್ತು. ಒಣಹುಲ್ಲು, ಕೂದಲು ಸೇರಿಸಿ ಮಾಡಿದ ಗೂಡು. ಅದರೊಳಗೆ ಮೆತ್ತಗೆ ಹಾಸಿದ ಪೊರೆ, ಉಳಿದ ತುದಿ ಹೊರಗೆ. ಹಾಸಿನ ಮೇಲೆ ಹಳದಿ ಬಾಯಿ ತೆರೆದ ಮರಿಗಳು. ಹಾವಿದ್ದ ಮಾಟೆಯಲ್ಲಿ ಮರಿ ಬದುಕುವುದುಂಟೆ? ಅಂದು ಹಕ್ಕಿ ಹೊತ್ತದ್ದು ಪ್ಲಾಸ್ಟಿಕ್ ಆಗಿರಲಿಲ್ಲ. ಗುಡ್ಡದ ಮೇಲೆ ಯಾವುದೋ ಹಾವು ಕಳಚಿ ಹೋದ ಅಂಗಿಯನ್ನು ಈ ತಾಯಿ ಮಕ್ಕಳ ಹಾಸಿಗೆಗೆ ತಂದಿತ್ತು. ಕಮಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಧ್ಯಾಹ್ನ ಬೊಮ್ಮಯ್ಯನೂ ಇಣುಕಿ ನೋಡಿದ.

“ಹಾಂಗಾರೆ ಹಾಲು ಕುಡಿದದ್ದು?”

“ಆಚೆಮನೆ ಬೆಕ್ಕಿನ್ನ ಕೇಳಿ. ಇನ್ನು ಇಲ್ಲಿ ಹಾಲಿಟ್ರೆ ನೋಡಿ ಮತ್ತೆ, ಮರಿ ಉಳಿಯೂದಿಲ್ಲ.”

ಅವನು ಹಗ್ಗ ಬಿಚ್ಚಲು ಕೈಹಾಕಿದ.

“ಅದು ಇರ್ಲಿ. ಒಳಗೆ ಬಾಣಂತಿ ಇದ್ದಾಳೆ.”

ಫೋನಿನಲ್ಲಿ ಬೀಗಿತಿ ಮೊದಲು ನಂಬಲಿಲ್ಲ. ಮರಿಗಳ ಪಟ ಕಳಿಸಿದ ಮೇಲೆ ಸೌಜನ್ಯಾಳೇ ಮಾತಾಡಿದಳು: “ಅತ್ತೆ, ನಾಳೆ ಬೆಳಗಿನ ಬಸ್ಸಿಗೇ ಬತ್ತೆ.” ಹಿಂದೆ ಕೂಸು ಅಳುತ್ತಿತ್ತು. ಎಷ್ಟು ಜೋರು ದನಿ ಎಂದು ಕಮಲಿ ಕಿವಿಗೊಟ್ಟು ನಿಂತಳು.

ಬೊಮ್ಮಯ್ಯ ಹಾಲಿನ ಬಟ್ಟಲನ್ನು ತೊಳೆದು ಒಳಗಿಟ್ಟ. ಆಮೇಲೆ ಅಂಗಳದಲ್ಲಿದ್ದ ಮೀನಿನ ಬುಟ್ಟಿಯ ಸುತ್ತ ಸುಮ್ಮನೆ ಒಂದು ಸುತ್ತು ಬಂದ.

“ಎಂತ ಉಳಿದದೆ?”

“ಬಂಗಡೆ.”

“ಎರಡು ಹುರೀತ್ಯಾ?”

“ತಡೀರಿ, ಹಂಡೆ ಮೊದ್ಲು” ಎಂದು ಕಮಲಿ ಹುಣಸೆಹಣ್ಣು ಹಿಡಿದು ಹಂಡೆ ಉಜ್ಜಲು ಕೂತಳು.