ತೋಳಿನ ಅಳತೆಯಲ್ಲಿ ಅರ್ಧ ಕಥೆ

ನಮ್ಮ ಬೀದಿಯಲ್ಲಿ ಹೊಲಿಗೆ ಹೊಲಿಯುವ ಅಕ್ಕನ ಮಗಳು ಪುಟ್ಟಿ. ಮೂರನೆಯ ತರಗತಿ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಶಾಲೆಯ ಪುಸ್ತಕ ಬಿಚ್ಚಿದರೆ ಬಾಯಿಗೆ ಬೀಗ. ಅಕ್ಷರಗಳೆಲ್ಲ ಗೊತ್ತು. ಒಂದೊಂದನ್ನೇ ಕೂಡಿಸಿ ಸಾಲು ಮುಗಿಸುವಷ್ಟರಲ್ಲಿ ಸಾಲಿನ ಮೊದಲು ಏನಿತ್ತೆಂಬುದೇ ಮರೆತಿರುತ್ತಿತ್ತು.

"ಹತ್ತು ಸಲ ಓದು!" ಎಂದು ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ ಗದರುತ್ತಿದ್ದಳು. ಪಕ್ಕದಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹಾಕುವ ಅಜ್ಜಿ, "ಬಾರೇ, ಒಂದು ಕಥೆ ಹೇಳ್ತೀನಿ" ಎಂದರೆ ಸಾಕು, ಯಂತ್ರ ನಿಂತುಬಿಡುತ್ತಿತ್ತು.

"ಅತ್ತೆ, ಅವಳನ್ನ ಕೆಡಿಸ್ಬೇಡಿ. ನರಿ ಕಥೆ ಪರೀಕ್ಷೇಲಿ ಬರುತ್ತಾ?"

ಅಜ್ಜಿ ಹಲ್ಲಿನಲ್ಲಿ ದಾರ ಕಡಿದು ಮುಂದಿನ ಗುಂಡಿ ಎತ್ತಿಕೊಳ್ಳುತ್ತಿದ್ದರು.

ಒಂದು ಶನಿವಾರ ಮಕ್ಕಳ ಸಮವಸ್ತ್ರದ ಅಳತೆಗಳ ಪಟ್ಟಿ ಹಿಡಿದು ಟೀಚರ್ ಬಂದರು. ಪಟ್ಟಿ ಕೊಟ್ಟರು, ಆದರೆ ಏಳಲಿಲ್ಲ.

"ಅಕ್ಕ, ಪುಟ್ಟಿ ಓದೋದು ಹೀಗೇ ಇದ್ರೆ ಇನ್ನೊಂದು ವರ್ಷ ಇದೇ ತರಗತೀಲಿ ಕೂರಿಸಬೇಕಾಗುತ್ತೆ."

ಅಮ್ಮನ ಮುಖ ಸಪ್ಪಗಾಯಿತು. "ನಾನೇನು ಮಾಡ್ಲಿ ಟೀಚರ್? ಕಥೆ ಅಂದ್ರೆ ಕಿವಿ ನೆಟ್ಟಗಾಗುತ್ತೆ, ಪಾಠ ಅಂದ್ರೆ ನಿದ್ದೆ."

ಟೀಚರ್ ಕಣ್ಣು ಗೋಡೆಯ ಮೊಳೆಯ ಮೇಲಿತ್ತು. ಅಳತೆಗೆಂದು ಕಾಗದದಲ್ಲಿ ಕತ್ತರಿಸಿದ ತೋಳು, ಕಾಲರ್, ಜೇಬುಗಳು ಅಲ್ಲಿ ಗೊಂಚಲಾಗಿ ನೇತಾಡುತ್ತಿದ್ದವು.

"ಇದೇನಕ್ಕಾ, ತೋಳಿನ ತುಂಬ ಬರವಣಿಗೆ?"

"ಯಾವುದೋ ಹಳೇ ಪುಸ್ತಕ. ಹಾಳೆ ದೊಡ್ಡದಿತ್ತು, ಗಟ್ಟಿಯಾಗಿತ್ತು, ಕತ್ತರಿಸ್ಕೊಂಡೆ."

ಅಜ್ಜಿ ಸೂಜಿ ಕೆಳಗಿಟ್ಟರು. "ಕೆಂಪು ಬಟ್ಟೆ ರಟ್ಟಿನ ಪುಸ್ತಕವೇನೇ?"

"ಹೌದತ್ತೆ."

"ನಾನು ಕಥೆ ಹೇಳ್ತಾ ಹೋದೆ, ನಿಮ್ಮ ಮಾವ ಬರೀತಾ ಹೋದ್ರು. ಎರಡು ವರ್ಷ ಬರೆದ್ರು. ಎಲ್ಲದಕ್ಕೂ ಕತ್ತರಿ ಹಾಕಿಬಿಟ್ಯಾ?"

ಅಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು.

ಟೀಚರ್ ಕಾಗದದ ತೋಳನ್ನು ಮೊಳೆಯಿಂದ ತೆಗೆದು ಬಾಗಿಲಲ್ಲಿ ನಿಂತಿದ್ದ ಪುಟ್ಟಿಯ ಕೈಗಿತ್ತರು. "ಅಜ್ಜಿಗೆ ಓದೋಕೆ ಬರಲ್ಲ. ನೀನು ಓದಿ ಹೇಳ್ತೀಯಾ?"

ಪುಟ್ಟಿ ಬೆರಳಿಟ್ಟು ಶುರುಮಾಡಿದಳು. "ನರಿ... ಇರುವೆಯ ಮನೆಗೆ ಹೋಗಿ... ಏಣಿ ಕೇಳಿತು. ಇರುವೆ ಹೇಳಿತು, ಏಣಿ ಕೊಡುತ್ತೇನೆ, ಆದರೆ..." ಅಲ್ಲಿಗೆ ಕತ್ತರಿ ಬಿದ್ದಿತ್ತು. ಪುಟ್ಟಿ ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಆದರೆ ಏನಜ್ಜಿ? ಆಮೇಲೆ ಏನಾಯ್ತು?"

"ಆದರೆ ಏಣಿ ಹತ್ತಿದ ಮೇಲೆ ಒಂದು ಹಾಡು ಹೇಳ್ಬೇಕು ಅಂತು. ನರಿ ಹಾಡಿದ್ರೆ ಯಾರಿಗೆ ಕೇಳ್ಸುತ್ತೆ ಹೇಳು?"

"ನಾಯಿಗಳಿಗೆ!" ಪುಟ್ಟಿ ಬಿದ್ದು ಬಿದ್ದು ನಕ್ಕಳು. ಮರುಕ್ಷಣವೇ ಮೊಳೆಯಿಂದ ಒಂದು ಜೇಬನ್ನು ಎಳೆದುಕೊಂಡಳು.

"ಈಗ ನಿದ್ದೆ ಎಲ್ಲಿ ಹೋಯ್ತಕ್ಕಾ?" ಎಂದರು ಟೀಚರ್.

"ನಾವು ಕಲಿಯೋವಾಗ ಹೀಗೆಲ್ಲ ಇರ್ಲಿಲ್ಲ. ಬಾಯಿಪಾಠ, ಇಲ್ಲಾಂದ್ರೆ ಬೆತ್ತ" ಎಂದಳು ಅಮ್ಮ.

"ನಾನೂ ಮೊದಲು ಹಾಗೇ ಕಲಿಸ್ತಿದ್ದೆ. ಮಕ್ಕಳು ಗಿಣಿ ಹಾಗೆ ಒಪ್ಪಿಸೋರು, ಅರ್ಥ ಕೇಳಿದ್ರೆ ತಲೆ ಕೆರ್ಕೊಳ್ಳೋರು. ಕಿವಿಗೆ ಪರಿಚಯ ಇರೋ ಮಾತನ್ನ ಕಣ್ಣು ಬೇಗ ಗುರುತು ಹಿಡಿಯುತ್ತೆ. ಅದಕ್ಕೇ ಈಗ ಮನೆ ಕಥೆ, ಒಗಟು, ಗಾದೆಯಿಂದ ಶುರು ಮಾಡ್ತೀವಿ."

"ಹಾಗಾದ್ರೆ ಪಾಠ ಬಿಟ್ಟುಬಿಡ್ತೀರಾ?"

"ಎಲ್ಲಾದ್ರೂ ಉಂಟಾ! ನೀವು ಮೊದಲು ಕಚ್ಚಾ ಹೊಲಿಗೆ ಹಾಕಲ್ವಾ, ಇದೂ ಹಾಗೇ. ಅದು ನೆಟ್ಟಗಿದ್ರೆ ಮೇಲಿನ ಹೊಲಿಗೆ ಸುಲಭ."

ಈ ಮಾತು ಅಮ್ಮನಿಗೆ ಒಪ್ಪಿಗೆಯಾಯಿತು. ಅಂದಿನಿಂದ ಸಂಜೆಯಾದರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತೋಳು, ಕಾಲರ್‌ಗಳ ಹರವು. ಕತ್ತರಿ ಬಿದ್ದ ಜಾಗದವರೆಗೆ ಪುಟ್ಟಿ ಓದುತ್ತಾಳೆ, ಅಲ್ಲಿಂದ ಮುಂದೆ ಅಜ್ಜಿ ಹೇಳುತ್ತಾರೆ, ಪುಟ್ಟಿ ಹೊಸ ಪುಸ್ತಕದಲ್ಲಿ ಬರೆಯುತ್ತಾಳೆ. ಕಾಗುಣಿತ ತಪ್ಪಿದರೆ ಅಮ್ಮ ತಿದ್ದುತ್ತಾಳೆ. ವರ್ಷದ ಕೊನೆಗೆ ಪುಟ್ಟಿ ತರಗತಿಯ ಮುಂದೆ ನಿಂತು ಪಾಠದ ಒಂದು ಪುಟ ತಡವರಿಸದೆ ಓದಿದಳು, ಅರ್ಥವನ್ನೂ ಹೇಳಿದಳು. ನಾಲ್ಕನೆಯ ತರಗತಿಗೆ ಹೋದಳು.

ಒಂದು ಕಾಲರ್ ಮಾತ್ರ ಇನ್ನೂ ಮೊಳೆಯಲ್ಲೇ ಇದೆ. "ಕುಂಬಾರನು ಏಳನೆಯ ಬಾಗಿಲು ತೆರೆದಾಗ" ಎಂಬಲ್ಲಿಗೆ ಅದು ನಿಂತಿದೆ. ಅಜ್ಜಿ ಮೂರು ದಿನ ಯೋಚಿಸಿದರು. "ನೆನಪಾಗ್ತಿಲ್ಲ ಕಣೇ" ಎಂದರು. ಬರೆದ ಅಜ್ಜನೂ ತೀರಿಹೋಗಿರುವುದರಿಂದ ಆ ಬಾಗಿಲ ಹಿಂದೆ ಏನಿತ್ತೆಂದು ಬಲ್ಲವರು ಈಗ ಯಾರೂ ಇಲ್ಲ. ಅಮ್ಮ ಈಗ ಯಾವ ಕಾಗದಕ್ಕೆ ಕತ್ತರಿ ಹಾಕುವ ಮೊದಲೂ ಎರಡೂ ಮಗ್ಗುಲು ತಿರುಗಿಸಿ ನೋಡುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಕಥೆ ಬಲ್ಲ ಹಿರಿಯರಿದ್ದಾರೆ. ಅವರಿಗೆ ಇಂದು ನೆನಪಿರುವುದು ನಾಳೆ ಇರಲೇಬೇಕೆಂದಿಲ್ಲ. ಈ ಸಂಜೆಯೇ ಮಗುವನ್ನು ಅವರ ಪಕ್ಕ ಕೂರಿಸಿ. ಒಂದು ಕಥೆ ಕೇಳಲಿ, ನಾಲ್ಕು ಸಾಲು ಬರೆಯಲಿ, ಬರೆದದ್ದನ್ನು ಅವರಿಗೇ ಓದಿ ಹೇಳಲಿ. ಏಳನೆಯ ಬಾಗಿಲು ಮುಚ್ಚುವ ಮೊದಲು ಕೇಳಿಬಿಡಿ: "ಆಮೇಲೆ ಏನಾಯ್ತು?"