ಭಾನುವಾರ ಹನ್ನೊಂದು ಗಂಟೆಯವರೆಗೆ

ನಮ್ಮ ಕಾರ್ಖಾನೆಯಿಂದ ದಿನಕ್ಕೆ ಹದಿನೆಂಟು ಟ್ರೇಲರ್ ಮನೆಗಳು ಹೊರಬೀಳುತ್ತವೆ. ಅವಕ್ಕೆ ಕಿಟಕಿ ಕೂರಿಸುವವನು ನಾನು. ಹದಿನಾರಕ್ಕೆ ಶಾಲೆ ಬಿಟ್ಟು ಅಲ್ಲಿ ಸೇರಿದೆ, ಈಗ ಇಪ್ಪತ್ತೈದು. ಇಷ್ಟು ವರ್ಷದಲ್ಲಿ ಅಂಥ ಮನೆಯೊಳಗೆ ಒಂದು ರಾತ್ರಿಯಾದರೂ ಮಲಗಿದವನಲ್ಲ. ಇಂಡಿಯಾನಾದ ಈ ಮೂಲೆಯಲ್ಲಿ ಅದೇನೂ ಹೊಸತಲ್ಲ. ಮಾಡುವವರು ನಾವು. ಅದನ್ನು ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಕೆರೆ ದಂಡೆಗೆ ಹೋಗಿ ಕಾಲು ಚಾಚುವವರು ಬೇರೆ.

ಈ ಜುಲೈಯಲ್ಲಿ ನಾನೂ ಹೋದೆ. ಮಗಳಿಗಾಗಿ ಹೋದೆ.

ಡೆಲೇನಿಗೆ ಏಳು ವರ್ಷ. ಅವಳ ಅಮ್ಮ ಶೆಲ್ಬಿ ನನ್ನನ್ನು ಬಿಟ್ಟು ನಾಲ್ಕು ವರ್ಷವಾಯಿತು, ಲವಾನ್ ಶ್ರಾಕ್ ಎನ್ನುವವನನ್ನು ಮದುವೆಯಾಗಿ ಎರಡು. ತಿಂಗಳಿಗೆರಡು ವಾರಾಂತ್ಯ ಮಗಳು ನನ್ನವಳು ಎಂದು ಕೋರ್ಟು ಬರೆದುಕೊಟ್ಟಿದೆ. ಶುಕ್ರವಾರ ಸಂಜೆ ಪೆಟ್ರೋಲ್ ಬಂಕಿನಲ್ಲಿ ಶೆಲ್ಬಿಯ ಕಾರಿನಿಂದ ಇಳಿದು ನನ್ನ ಗಾಡಿ ಹತ್ತುತ್ತಾಳೆ, ಭಾನುವಾರ ಸಂಜೆ ಐದಕ್ಕೆ ಅದೇ ಬಂಕಿನಲ್ಲಿ ಇಳಿದುಹೋಗುತ್ತಾಳೆ. ದೊಡ್ಡವರಿಬ್ಬರೂ ಗಾಜು ಕೂಡ ಇಳಿಸುವುದಿಲ್ಲ. ಲವಾನನ ಮುಖವನ್ನು ನಾನು ಹತ್ತಿರದಿಂದ ನೋಡಿಯೇ ಇರಲಿಲ್ಲ. ನೋಡುವ ಆಸೆಯೂ ಇರಲಿಲ್ಲ.

ಜೂನಿನಲ್ಲಿ ಒಂದು ದಿನ ಡೆಲೇನಿ ಫೋನಿನಲ್ಲಿ ಬ್ಲ್ಯಾಕ್ ಆಲ್ಡರ್ ಕೆರೆಯ ಕ್ಯಾಂಪಿನ ಸುದ್ದಿ ತೆಗೆದಳು. ಚಳಿಗಾಲದಲ್ಲಿ ಅದರ ಗೇಟು ಮುಚ್ಚಿರುತ್ತದೆ, ಅದಕ್ಕೆ ಅಲ್ಲಿಯವರು ಜುಲೈಯಲ್ಲೇ ಕ್ರಿಸ್ಮಸ್ ಮುಗಿಸಿಬಿಡುತ್ತಾರೆ. ದೀಪ ಕಟ್ಟುತ್ತಾರೆ, ಕ್ಯಾಂಪಿನೊಳಗೆ ಓಡಾಡುವ ಪುಟ್ಟ ಗಾಲ್ಫ್ ಗಾಡಿಗಳ ಮೆರವಣಿಗೆ ಮಾಡುತ್ತಾರೆ. "ಆದ್ರೆ ಅದು ನಿನ್ನ ವಾರದಲ್ಲೇ ಬಂದುಬಿಟ್ಟಿದೆ ಅಪ್ಪಾ" ಎಂದಳು. ದನಿ ಸಣ್ಣದಾಗಿತ್ತು. ಶಾಲೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ಆಸೆಪಟ್ಟಿದ್ದಾಳೆ, ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಮೊದಲೇ ಸೋತು ಮಾತಾಡುತ್ತಿದ್ದಾಳೆ ಅಂದುಕೊಂಡೆ. ಮೈ ಉರಿಯಿತು. ಮರುದಿನವೇ ಕಾರ್ಖಾನೆಯ ಮೇಸ್ತ್ರಿಯ ಕಾಲು ಹಿಡಿದು ಅವನ ಹಳೆಯ ಟ್ರೇಲರ್ ಕೇಳಿಕೊಂಡೆ, ಕ್ಯಾಂಪಿನಲ್ಲಿ ಜಾಗ ಹಿಡಿದೆ. ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ.

ಕ್ಯಾಂಪಿನ ದಾರಿ ತಿರುಗಿದಾಗ ಡೆಲೇನಿ ಸೀಟಿನ ಮೇಲೆ ಮಂಡಿಯೂರಿ ಕೂತಳು. ಖುಷಿಯೇ. ಆದರೆ ಹೊಸ ಜಾಗ ಕಂಡವರ ಖುಷಿ ಅಲ್ಲ ಅದು. ನನಗೆ ಅಷ್ಟು ಹೊತ್ತಿಗೆ ತಿಳಿಯಬೇಕಿತ್ತು.

ಗೇಟಿನ ಕೋಣೆಯಲ್ಲಿ ಆರ್ಡಿತ್ ಎಂಬ ಮುದುಕಿ ಕೂತಿದ್ದಳು, ಕ್ರಿಸ್ಮಸ್ಸಿಗೆಂದು ತಲೆಗೆ ಬಟ್ಟೆಯ ಜಿಂಕೆಕೊಂಬು ಕಟ್ಟಿಕೊಂಡು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ನನ್ನ ಮಣಿಕಟ್ಟಿಗೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ಅಂಟಿಸಿದಳು. ಅದರ ಮೇಲೆ ಜಾಗ ಬಿಡಬೇಕಾದ ಹೊತ್ತು, ಭಾನುವಾರ ಹನ್ನೊಂದು ಗಂಟೆ ಎಂದು ಅಚ್ಚಾಗಿತ್ತು. ಇನ್ನೊಂದು ಪಟ್ಟಿ ಹರಿದು ಡೆಲೇನಿಯ ಕಡೆ ಬಗ್ಗಿದವಳು ಅಲ್ಲೇ ನಿಂತಳು.

"ಅಯ್ಯೋ, ನಮ್ಮ ಚಿನ್ನ. ನಿನಗ್ಯಾಕೆ ಇದು?"

ಡೆಲೇನಿ ತನ್ನ ಚೀಲದ ಪಕ್ಕದ ಜೇಬಿಗೆ ಕೈಹಾಕಿ ಹಸಿರು ಬಟ್ಟೆಯ ಪಟ್ಟಿಯೊಂದನ್ನು ತೆಗೆದು ತಾನೇ ಕಟ್ಟಿಕೊಂಡಳು. ಒಗೆದು ಒಗೆದು ಮಾಸಿದ್ದ ಪಟ್ಟಿ. ಇಡೀ ಬೇಸಿಗೆ ಇಲ್ಲೇ ಜಾಗ ಹಿಡಿದವರದ್ದು.

"ಇದು ನಮ್ಮಪ್ಪ" ಎಂದಳು.

"ಹೌದಾ" ಎಂದಳು ಆರ್ಡಿತ್. ನನ್ನನ್ನು ನೋಡಿದಳು, ಮೇಜಿನ ಮೇಲಿನ ನಕ್ಷೆ ನೋಡಿದಳು. "ಒಳ್ಳೇದಾಯ್ತು ಮಗಾ. ದಾರಿ ಅವಳೇ ತೋರಿಸ್ತಾಳೆ ಬಿಡು."

ತೋರಿಸಿದಳು. ನಾನೂರು ಜಾಗಗಳ ನಡುವೆ ನಮ್ಮದು ಎಲ್ಲಿ, ಕಸ ಎಲ್ಲಿ ಹಾಕಬೇಕು, ಯಾವ ಸ್ನಾನದ ಮನೆಯಲ್ಲಿ ಬಿಸಿನೀರು ಬೇಗ ಮುಗಿಯುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಗಾಡಿ ಹಿಮ್ಮುಖವಾಗಿ ಜಾಗಕ್ಕೆ ಹಾಕುವಾಗ ಸುತ್ತಲಿನವರೆಲ್ಲ ಕುರ್ಚಿ ತಿರುಗಿಸಿಕೊಂಡು ಕೂತರು. ಇಂಥ ಕಡೆ ಅದೇ ಸಂಜೆಯ ನಾಟಕ. ನಾನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತಿತ್ತು. ನಾನು ನಾಲ್ಕನೇ ಸಲ ತಪ್ಪಿದಾಗ ಒಬ್ಬ ಮುದುಕ ಚಪ್ಪಾಳೆ ತಟ್ಟಿದ. ಇಳಿದುಹೋಗಿ ಅವನ ಕುರ್ಚಿ ಮುರಿಯಬೇಕೆನಿಸಿತು.

ಡೆಲೇನಿ ಹಿಂದೆ ಹೋಗಿ ಕೈಯೆತ್ತಿ ನಿಂತಳು. "ಅಪ್ಪಾ, ಕನ್ನಡೀಲಿ ನಾನು ಕಾಣಿಸ್ತಿದ್ರೆ ಮಾತ್ರ ಬಾ. ಕಾಣಿಸ್ದೇ ಹೋದ್ರೆ ನಿಲ್ಲಿಸ್ಬಿಡು, ಅಷ್ಟೇ."

"ಯಾರು ಹೇಳಿಕೊಟ್ಟದ್ದು?"

"ಲವಾನ್."

ಐದನೇ ಸಲಕ್ಕೆ ಟ್ರೇಲರ್ ನೆಟ್ಟಗೆ ಕೂತಿತು. ಆಮೇಲೂ ಅದೇ ಹೆಸರು. ಗಾಡಿಯಿಂದ ಟ್ರೇಲರಿನ ಕೊಕ್ಕೆ ಬಿಚ್ಚುವ ಮೊದಲು ಲವಾನ್ ಚಕ್ರಕ್ಕೆ ಮರದ ತುಂಡು ಕೊಡುತ್ತಾನಂತೆ. ಕರೆಂಟಿನ ತಂತಿ ಸಿಕ್ಕಿಸುವ ಮೊದಲು ಕಂಬದ ಸ್ವಿಚ್ಚು ಆರಿಸುತ್ತಾನಂತೆ. ಇನ್ನೊಬ್ಬರ ಜಾಗದೊಳಗಿಂದ ಅಡ್ಡ ಹಾಯಬಾರದಂತೆ, ರಸ್ತೆಯಲ್ಲಿ ನಿಂತು ಕರೆಯಬೇಕಂತೆ, ಅವರು ಬಾ ಅಂದಮೇಲೆ ಹೋಗಬೇಕಂತೆ. ನಾನು ಹೂಂ ಹೂಂ ಅನ್ನುತ್ತ ಸಾಸೇಜು ಸುಟ್ಟೆ. ಒಂದು ಬದಿ ಕರಕಲಾಯಿತು. ಅವಳು ಕರಕಲನ್ನು ಬೆರಳಲ್ಲಿ ಕೆರೆದು ತೆಗೆದು ಉಳಿದದ್ದನ್ನು ತಿಂದಳು.

ಊಟದ ಹೊತ್ತಿಗೆ ಶೆಲ್ಬಿ ಗಾಲ್ಫ್ ಗಾಡಿಯಲ್ಲಿ ಬಂದು ರಸ್ತೆಯಲ್ಲೇ ನಿಂತಳು. ಆರ್ಡಿತ್ ಹೇಳಿರಬೇಕು. ಡೆಲೇನಿಯ ಕಿವಿಗೆ ಹಾಕುವ ಔಷಧಿ ನನ್ನ ಕೈಗೆ ಕೊಟ್ಟಳು. ತಾನೂ ಲವಾನನೂ ಮೂರನೇ ಸಾಲಿನಲ್ಲಿ ಜಾಗ ಹಿಡಿದು ಎರಡು ಬೇಸಿಗೆಯಾಯಿತು ಎಂದಳು. ನಾನು ಬೇಕೆಂದೇ ಬಂದೆ ಅಂದುಕೊಂಡಿದ್ದಳೇನೋ, ನನಗೆ ಗೊತ್ತೇ ಇರಲಿಲ್ಲ ಎಂದು ನನ್ನ ಮುಖ ನೋಡಿ ತಿಳಿದು ಅವಳ ಮುಖ ಬದಲಾಯಿತು.

"ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಕೋಲ್ಟನ್."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇರುತ್ತದೆ.

ಶನಿವಾರ ಬೆಳಗ್ಗೆ ಮಕ್ಕಳೆಲ್ಲ ದೊಡ್ಡ ಚಪ್ಪರದಡಿ ಕಾಗದದ ನಕ್ಷತ್ರ ಮಾಡಲು ಕೂತರು. ಡೆಲೇನಿಯನ್ನು ಅಲ್ಲಿ ಬಿಟ್ಟು ಸ್ನಾನಕ್ಕೆಂದು ಹೊರಟವನ ಕಾಲು ಮೂರನೇ ಸಾಲಿಗೆ ಹೋಯಿತು. ಅಲ್ಲಿಯವು ಚಕ್ರ ಮರೆತ ಟ್ರೇಲರುಗಳು. ಮುಂದೆ ಮರದ ಜಗಲಿ, ಹೂವಿನ ಕುಂಡ, ದೀಪದ ಸರ. ಶೆಲ್ಬಿಯವರ ಜಗಲಿಯ ಹಿಂದೆ ನಮ್ಮದೇ ಕಾರ್ಖಾನೆಯ ಮನೆ ನಿಂತಿತ್ತು. ಆ ಕಿಟಕಿಗಳನ್ನು ನಾನೇ ಕೂರಿಸಿದ್ದಿರಬಹುದು. ಮಳೆ ಬಂದರೆ ಡೆಲೇನಿಯ ಹಾಸಿಗೆಗೆ ನೀರು ಸೋರದ ಹಾಗೆ ಅಂಟು ಒತ್ತಿದವನು ನಾನೇ ಇರಬಹುದು. ಒಳಗೆ ಯಾರೂ ಇರಲಿಲ್ಲ, ಎಲ್ಲ ತಿಂಡಿಗೆ ಹೋಗಿದ್ದರು.

ರಸ್ತೆಯ ಬದಿಗೆ ಕಂಬ ನೆಟ್ಟು ಮರದ ಹಲಗೆ ತೂಗುಹಾಕಿದ್ದರು. ಪ್ರತಿ ಮನೆಗೂ ಇರುತ್ತದೆ ಅಲ್ಲಿ. ಮೇಲೆ ಶ್ರಾಕ್ ಮನೆಯವರು ಎಂದು ಕೆತ್ತಿತ್ತು. ಅದರ ಕೆಳಗೆ ಒಂದಕ್ಕೊಂದು ಕೊಕ್ಕೆಯಿಂದ ಜೋತ ಮರದ ಪಟ್ಟಿಗಳು, ಮನುಷ್ಯರಿಗೊಂದೊಂದು. ಲವಾನ್. ಶೆಲ್ಬಿ. ಡೆಲೇನಿ. ಅವಳ ಹೆಸರಿನ ಪಕ್ಕದಲ್ಲಿ ಸಣ್ಣ ಕಪ್ಪೆಯ ಚಿತ್ರವನ್ನೂ ಕೆತ್ತಿ ಹಸಿರು ಬಳಿದಿದ್ದ ಲವಾನ್. ಅವಳಿಗೆ ಕಪ್ಪೆ ಇಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಅವಳು ನನ್ನ ಮಗಳು. ಅವಳು ಹುಟ್ಟಿದಾಗ ನನಗೆ ಹದಿನೆಂಟು, ಕಾರ್ಖಾನೆಯ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿದ್ದೆ. ಆ ಹೆಸರು ಇಟ್ಟವನು ನಾನು. ಇನ್ನೊಬ್ಬನ ಹಲಗೆಗೆ ನೇತುಹಾಕಲು ಇಟ್ಟದ್ದಲ್ಲ.

ಅವರ ಜಾಗದೊಳಗೆ ಹೆಜ್ಜೆಯಿಟ್ಟು ಎರಡು ಕೊಕ್ಕೆಗಳನ್ನು ಚಾಕುವಿನಿಂದ ಅಗಲಿಸಿ ಡೆಲೇನಿಯ ಹೆಸರಿನ ಪಟ್ಟಿ ಬಿಡಿಸಿದೆ. ಅಂಗಿಯೊಳಗೆ ಹಾಕಿಕೊಂಡು ನಡೆದೆ. ಎದೆಗೆ ಒರಟಾಗಿ ತಾಗುತ್ತಿತ್ತು. ಗೆದ್ದೆ ಅನ್ನಿಸಿದ್ದು ಸ್ನಾನದ ಮನೆಯ ಬಾಗಿಲವರೆಗೆ ಮಾತ್ರ.

ಮಧ್ಯಾಹ್ನ ಡೆಲೇನಿ ಎರಡು ನಕ್ಷತ್ರ ಹಿಡಿದುಕೊಂಡು ಬಂದಳು. ಒಂದನ್ನು ನಮ್ಮ ಟ್ರೇಲರಿನ ಬಾಗಿಲಿಗೆ ಅಂಟಿಸಿದಳು. ಇನ್ನೊಂದು ತನ್ನ ಹಲಗೆಗಂತೆ, ನಾನು ಅದನ್ನು ನೋಡಲೇಬೇಕಂತೆ. ಬಿಸಿಲು ಎಂದೆ, ಮೆರವಣಿಗೆ ಮುಗಿಯಲಿ ಎಂದೆ. ಕೈ ಹಿಡಿದು ಎಳೆದಳು. ಕೆಂಪು ಟೋಪಿ ಹಾಕಿದ ಮುದುಕರು ಗಾಲ್ಫ್ ಗಾಡಿಗಳಿಂದ ಮಿಠಾಯಿ ಎಸೆಯುತ್ತಿದ್ದರು. ಅವಳು ಒಂದನ್ನೂ ಹೆಕ್ಕಲಿಲ್ಲ, ಅಷ್ಟು ಅವಸರ.

ಹಲಗೆಯ ಮುಂದೆ ಬಂದು ನಿಂತಳು. ಶೆಲ್ಬಿಯ ಹೆಸರಿನ ಕೆಳಗೆ ಬಾಯಿತೆರೆದ ಎರಡು ಕೊಕ್ಕೆಗಳು ಮಾತ್ರ ಇದ್ದವು. ಅವಳು ನೆಲದಲ್ಲಿ ಹುಡುಕಿದಳು, ಕುಂಡದ ಹಿಂದೆ ಹುಡುಕಿದಳು. ಆಮೇಲೆ ನಕ್ಷತ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ನಾನು ನಿನ್ನ ಜೊತೆ ಬಂದಿದ್ದಕ್ಕೆ ತೆಗೆದ್ರಾ ಅಪ್ಪಾ?"

ಅವಳು ನನ್ನ ಮಣಿಕಟ್ಟಿನ ಕಿತ್ತಳೆ ಪಟ್ಟಿ ಮುಟ್ಟಿದಳು.

"ಇನ್ಮೇಲೆ ನನಗೂ ಇಂಥದ್ದೇ ಕಟ್ತಾರಾ?"

ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ಆಸೆಯಾಯಿತು. ಹೌದು ಅಂದರೆ ಸಾಕಿತ್ತು. ಮೌನವೂ ಸಾಕಿತ್ತು. ಅವರು ನಿನ್ನನ್ನು ಬಿಟ್ಟರು, ನಾನಿದ್ದೇನೆ ಬಾ ಎಂದು ಎತ್ತಿಕೊಂಡು ಹೋಗಿಬಿಡಬಹುದಿತ್ತು. ನಾಲ್ಕು ವರ್ಷದಿಂದ ನಾನು ಬಯಸಿದ್ದು ಅಷ್ಟೇ ತಾನೆ. ಆದರೆ ಅವಳು ಮತ್ತೊಮ್ಮೆ ಕುಂಡದ ಹಿಂದೆ ಬಗ್ಗಿ ನೋಡಿದಳು.

"ಅವರು ತೆಗೆದಿಲ್ಲ ಪುಟ್ಟಿ. ನಾನು ತೆಗೆದೆ."

"ಯಾಕೆ?"

"ಅದರಲ್ಲಿ ನನ್ನ ಹೆಸರಿರಲಿಲ್ಲ."

ಅವಳು ಯೋಚಿಸಿದಳು. "ನಿನ್ನ ಹೆಸರು ಹ್ಯಾಗಿರತ್ತೆ? ನೀನು ಇಲ್ಲಿರಲ್ವಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಸ್ನಾನದ ಮನೆ ಎಲ್ಲಿದೆ ಎಂದು ಹೇಳಿದ ಹಾಗೇ ಹೇಳಿದಳು.

ಓಡಿಹೋಗಿ ಟ್ರೇಲರಿನಿಂದ ಪಟ್ಟಿ ತಂದೆ. ಕೊಕ್ಕೆಗೆ ಸಿಕ್ಕಿಸಿದರೆ ನಿಲ್ಲಲಿಲ್ಲ, ಜಾರಿ ಬಿತ್ತು. ಬೆರಳಿನಿಂದ ಒತ್ತಿದರೆ ತಂತಿ ಬಗ್ಗಲಿಲ್ಲ. ನನ್ನ ಇಕ್ಕಳ ಕಾರ್ಖಾನೆಯ ಪೆಟ್ಟಿಗೆಯಲ್ಲಿತ್ತು.

"ಲವಾನ್ ಹತ್ರ ಇದೆ" ಎಂದಳು. ನಾನು ಜಗಲಿಯ ಕಡೆ ಕಾಲಿಟ್ಟೆ. "ಒಳಗೆ ಹೋಗ್ಬೇಡ. ರಸ್ತೇಲಿ ನಿಂತು ಕರೀಬೇಕು."

ರಸ್ತೆಯಲ್ಲಿ ನಿಂತೆ. ಆ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ನನ್ನ ಬಾಯಲ್ಲಿ ಕರೆದೆ.

ತನ್ನ ಟ್ರೇಲರಿನ ಹಿಂದಿನಿಂದ ಬಂದ. ಬೋಳುತಲೆ, ಬೆವರಿದ ಬನಿಯನ್ನು, ಭುಜದ ಮೇಲೆ ದೀಪದ ಸರ. ನನ್ನ ಕೈಯಲ್ಲಿದ್ದ ಪಟ್ಟಿ ನೋಡಿದ.

"ಒಂದು ಇಕ್ಕಳ ಬೇಕಾಗಿತ್ತು" ಎಂದೆ.

"ಕೊಕ್ಕೆ ಸಡಿಲ ಆಗಿತ್ತು ಅನ್ಸತ್ತೆ" ಎಂದ, ಮಗುವಿಗೆ ಕೇಳಿಸುವ ಹಾಗೆ.

"ಇಲ್ಲ. ಕಿತ್ತೋನು ನಾನು. ಅವಳಿಗೂ ಹೇಳಿದೀನಿ."

ತಲೆಯಾಡಿಸಿದ. ಪಟ್ಟಿ ಇಲ್ಲದ್ದನ್ನು ಬೆಳಗ್ಗೆಯೇ ನೋಡಿದ್ದನಂತೆ. ಇನ್ನೊಂದು ಕೆತ್ತಿಬಿಡು ಎಂದು ಶೆಲ್ಬಿ ಅಂದಳಂತೆ, ಇವನೇ ಬೇಡ, ಕಾಯೋಣ ಅಂದನಂತೆ. ಇಕ್ಕಳ ತಂದು "ಹಿಡ್ಕೊಳ್ಳಿ" ಎಂದು ಕೊಟ್ಟ. ತಾನೇ ಮಾಡಬಹುದಿತ್ತು, ಮಾಡಲಿಲ್ಲ. ಹಲಗೆ ಅಲ್ಲಾಡದಂತೆ ಎರಡು ಕೈಯಲ್ಲಿ ಹಿಡಿದು ನಿಂತ. ಅವನು ಕೆಟ್ಟವನಾಗಿರಲಿ ಎಂದು ನಾನು ಎಷ್ಟು ಬೇಡಿಕೊಂಡಿದ್ದೆ. ಆ ಒಂದು ಆಸರೆಯನ್ನೂ ಕಿತ್ತುಕೊಂಡ ಪುಣ್ಯಾತ್ಮ.

ಒಂದು ಕೊಕ್ಕೆ ಒತ್ತಿದೆ. ಇನ್ನೊಂದು ಒತ್ತಿದೆ. ಇನ್ನು ಯಾರ ಚಾಕುವಿಗೂ ಬಗ್ಗದ ಹಾಗೆ ಒತ್ತಿದೆ. ಡೆಲೇನಿ ಕಪ್ಪೆಯ ಪಕ್ಕದಲ್ಲಿ ನಕ್ಷತ್ರ ಅಂಟಿಸಿದಳು.

ಆ ಸಂಜೆ ಡೆಲೇನಿ ಮತ್ತು ನಾನು ಇಬ್ಬರೇ. ಕಪ್ಪೆ ಯಾಕೆ ಇಷ್ಟ ಎಂದು ಕೇಳಿದೆ. ತುಂಬಾ ಹೊತ್ತು ಹೇಳಿದಳು.

ಭಾನುವಾರ ಹತ್ತೂವರೆಗೆ ನಾನು ಕರೆಂಟಿನ ತಂತಿ ಸುತ್ತುತ್ತಿದ್ದೆ. ಸ್ವಿಚ್ಚು ಮೊದಲು ಆರಿಸಿದ್ದೆ. ಅವಳು ತನ್ನ ಚೀಲ ಹಿಡಿದುಕೊಂಡು ಎದುರು ನಿಂತಳು.

"ಅಪ್ಪಾ, ಅಮ್ಮ ಇಲ್ಲೇ ಇದಾಳಲ್ವಾ. ನಾವು ಬಂಕ್‌ವರೆಗೂ ಹೋಗಿ ಮತ್ತೆ ನಾನು ಇಲ್ಲಿಗೇ ಬರೋದಾ?"

ಐದು ಗಂಟೆಯವರೆಗೆ ಅವಳು ನನ್ನವಳು. ಕೋರ್ಟಿನ ಕಾಗದದಲ್ಲಿದೆ. ಊರಿಗೆ ಹೋಗಿ ಐಸ್‌ಕ್ರೀಮ್ ಕೊಡಿಸುವುದು, ನನ್ನ ಒಂದು ಕೋಣೆಯ ಮನೆಯಲ್ಲಿ ಟೀವಿ ಹಾಕುವುದು ಎಂದೆಲ್ಲ ಇತ್ತು. ಅವಳ ಕಾಲಲ್ಲಿ ಆಗಲೇ ಈಜಿನ ಚಪ್ಪಲಿ.

"ಬೇಡ ಬಿಡು. ಇಲ್ಲೇ ಇರು" ಎಂದೆ.

ಕೊರಳಿಗೆ ಜೋತುಬಿದ್ದಳು. ಅಷ್ಟು ಗಟ್ಟಿಯಾಗಿ ಬಂಕಿನಲ್ಲಿ ಯಾವತ್ತೂ ಅಪ್ಪಿರಲಿಲ್ಲ.

ಹೊರಗೆ ಹೋಗುವ ದಾರಿ ಮೂರನೇ ಸಾಲಿನ ಮುಂದೆಯೇ ಹಾದುಹೋಗುತ್ತದೆ. ಅವಳು ಹಲಗೆಯ ಕಂಬ ಹಿಡಿದು ನಿಂತು ಕೈಯೆತ್ತಿದಳು. ದಾಟಿದ ಮೇಲೂ ಕನ್ನಡಿಯಲ್ಲಿ ಕಾಣುತ್ತಿದ್ದಳು. ಕೈ ಇಳಿಸಿರಲಿಲ್ಲ. ಆಮೇಲೆ ದಾರಿ ತಿರುಗಿತು, ಕನ್ನಡಿಯ ತುಂಬ ಮೇಸ್ತ್ರಿಯ ಟ್ರೇಲರಿನ ಬಿಳಿ ಗೋಡೆ.

ಅವಳು ಕಾಣಿಸಲಿಲ್ಲ. ನಿಲ್ಲಿಸಿಬಿಟ್ಟೆ.

ಹನ್ನೊಂದಕ್ಕೆ ಹೊರಡಬೇಕಾದವರೆಲ್ಲ ನನ್ನ ಬೆನ್ನಿಗೆ ಸಾಲಾಗಿ ನಿಂತಿದ್ದರು. ಒಬ್ಬ ಹಾರ್ನ್ ಹೊಡೆದ, ಆಮೇಲೆ ಇನ್ನೊಬ್ಬ. ಗೇರು ಹಾಕಿದೆ. ಗೇಟಿನಲ್ಲಿ ಆರ್ಡಿತ್ ಕತ್ತರಿ ಹಿಡಿದು ನಿಂತಿದ್ದಳು. ಕಿಟಕಿಯಿಂದ ಕಿತ್ತಳೆ ಪಟ್ಟಿಯ ಕೈ ಚಾಚಿದೆ.